ಎರೆಭೂಮಿಯ ರಸ್ತೆಗೆ ಹಳೆಯ ಝೆನ್

ಕಲಬುರಗಿಯಿಂದ ಜೇವರ್ಗಿಯ ಕಡೆಗೆ ಕಾರು ಓಡಿಸುವವರನ್ನು ಗುಂಡಿಗಳಿಗಿಂತ ಹೆಚ್ಚಾಗಿ ಕಾಡುವುದು ರಸ್ತೆಯ ಅಲೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮೇಲಿನ ಡಾಂಬರು ನಯವಾಗಿ ಕಂಡರೂ ವೇಗ ಎಪ್ಪತ್ತು ದಾಟಿದರೆ ಕಾರು ಎದ್ದೆದ್ದು ಕೂರುತ್ತದೆ. ನನ್ನ 2001ರ ಮಾರುತಿ ಝೆನ್ ಅಲೆ ದಾಟಿದ ಮೇಲೂ ತೂಗಾಡುತ್ತಲೇ ಇರುತ್ತಿತ್ತು. ಸಾಲದ್ದಕ್ಕೆ, ಬ್ರೇಕ್ ಒತ್ತಿದರೆ ಮೂತಿ ಎಡಕ್ಕೆ ತಿರುಗುತ್ತಿತ್ತು.

ದೊಡ್ಡ ಕಾರಿನ ಬ್ರೇಕ್ ಡಿಸ್ಕ್ ಹಾಕಿಸು, ಗಟ್ಟಿ ಸ್ಪ್ರಿಂಗ್ ಹಾಕಿಸು ಎಂದು ಸಲಹೆ ಕೊಟ್ಟವರಿಗೆ ಬರವಿರಲಿಲ್ಲ. ನನಗೆ ಎರಡೂ ಬೇಡವಾಗಿದ್ದವು. ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ಎಬಿಎಸ್ ಇಲ್ಲದ ಈ ಕಾರಿನಲ್ಲಿ ಮೂಲ ಬ್ರೇಕೇ ಸರಿಯಾಗಿದ್ದರೆ ಚಕ್ರವನ್ನು ಬಿಗಿದು ನಿಲ್ಲಿಸಬಲ್ಲದು. ಟೈರು ಹಿಡಿತ ಬಿಟ್ಟ ಮೇಲೆ ಡಿಸ್ಕ್ ಎಷ್ಟು ದೊಡ್ಡದಿದ್ದರೇನು? ಗಟ್ಟಿ ಸ್ಪ್ರಿಂಗ್ ಅಲೆಯನ್ನು ಅಡಗಿಸುವುದಿಲ್ಲ, ಕುಪ್ಪಳಿಸುವ ವೇಗವನ್ನು ಹೆಚ್ಚಿಸುತ್ತದೆ, ಅಷ್ಟೆ. ಅಡಗಿಸುವ ಕೆಲಸ ಶಾಕ್ ಅಬ್ಸಾರ್ಬರ್‌ನದು. ಜೊತೆಗೆ ವಾಹನದ ಮಾರ್ಪಾಡನ್ನು ನಿರ್ಬಂಧಿಸುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಹೋದಾಗ ಇಂಥ ಮಾರ್ಪಾಡು ತಲೆನೋವು ತರುತ್ತದೆ.

ಎಡಕ್ಕೆ ಎಳೆಯುವುದರ ಮೂಲ ಬ್ರೇಕಿನಲ್ಲಿ ಅರ್ಧ, ಬುಷ್‌ನಲ್ಲಿ, ಅಂದರೆ ಲೋಹದ ಕೀಲುಗಳ ನಡುವಿನ ರಬ್ಬರ್ ಮೆತ್ತೆಯಲ್ಲಿ, ಅರ್ಧ ಇತ್ತು. ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಬಲಗಡೆಯ ಕ್ಯಾಲಿಪರ್‌ನ ಸ್ಲೈಡ್ ಪಿನ್ ಒಣಗಿ ಹಿಡಿದುಕೊಂಡಿತ್ತು. ಒಳಗಿನ ಪ್ಯಾಡ್ ಸವೆದು ತೆಳುವಾಗಿದ್ದರೆ ಹೊರಗಿನದು ಹೊಸದರಂತಿತ್ತು. ಪಿನ್ ಉಜ್ಜಿ, ಹೆಚ್ಚು ಶಾಖ ತಡೆಯುವ ಬ್ರೇಕ್ ಗ್ರೀಸ್ ಹಚ್ಚಿ, ಹೊಸ ಡಿಸ್ಕ್ ಮತ್ತು ಪ್ಯಾಡ್ ಹಾಕಿದೆ. ಹಿಂದಿನ ಡ್ರಮ್‌ಗಳಿಗೆ ಹೊಸ ಲೈನರ್, ಹೊಸ ವೀಲ್ ಸಿಲಿಂಡರ್. ನಾಲ್ಕೂ ರಬ್ಬರ್ ಹೋಸ್‌ಗಳನ್ನು ಬದಲಿಸಿದೆ. ಹಳೆಯ ಹೋಸ್ ಒತ್ತಡಕ್ಕೆ ಉಬ್ಬುತ್ತದೆ, ಪೆಡಲ್ ಮೆತ್ತಗಾಗುವುದಕ್ಕೆ ಅದೂ ಒಂದು ಕಾರಣ.

ಬ್ರೇಕ್ ಆಯಿಲ್ ಮಾತ್ರ ಮೇಲ್ದರ್ಜೆಯದು: ಡಾಟ್ 3 ಬದಲು ಡಾಟ್ 4. ಹೊಸದಾಗಿರುವಾಗ ಡಾಟ್ 3ಕ್ಕೆ ಇರಬೇಕಾದ ಕನಿಷ್ಠ ಕುದಿಬಿಂದು 205 ಡಿಗ್ರಿ, ಡಾಟ್ 4ಕ್ಕೆ 230. ಆದರೆ ಈ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದರೆ ಆ ಮಿತಿ 140 ಮತ್ತು 155ಕ್ಕೆ ಇಳಿಯುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಬಾಟಲಿಯ ಮೇಲಿನ ಅಂಕಿಗಿಂತ ಮುಖ್ಯ. ಡಾಟ್ 5 ಸಿಲಿಕೋನ್ ಎಣ್ಣೆ. ಅದನ್ನು ಇದರ ಜೊತೆ ಬೆರೆಸಬಾರದು. ಬ್ರೇಕ್ ಪೈಪಿನ ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರ್‌ನಿಂದ (ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ, ಸ್ಟಿಯರಿಂಗ್ ಬದಿಯಲ್ಲಿರುವ ಭಾಗ) ದೂರದ ಚಕ್ರದಿಂದ ಶುರುಮಾಡಬೇಕು. ಹಲವು ವಿದೇಶಿ ವಿಡಿಯೋಗಳಲ್ಲಿ ಹಿಂದಿನ ಬಲ ಚಕ್ರದಿಂದ ಶುರುಮಾಡುತ್ತಾರೆ. ಅವರ ಸ್ಟಿಯರಿಂಗ್ ಎಡಕ್ಕಿರುತ್ತದೆ. ನಮಗೆ ದೂರದ್ದು ಹಿಂದಿನ ಎಡ.

ಈಗ ಬುಷ್. ಝೆನ್‌ನಲ್ಲಿ ಮುಂದಿನ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವುದು ಸ್ಟೆಬಿಲೈಸರ್ ಬಾರ್. ಅದರ ಬುಷ್ ಸವೆದರೆ ಬ್ರೇಕ್ ಒತ್ತಿದಾಗ ಚಕ್ರವೇ ಹಿಂದಕ್ಕೆ ಜರುಗುತ್ತದೆ. ನಮ್ಮ ಮೇ ತಿಂಗಳ ಬಿಸಿಲಿಗೆ ರಬ್ಬರ್ ಎಷ್ಟು ಗಟ್ಟಿಯಾಗಿತ್ತೆಂದರೆ, ಬೆರಳಲ್ಲಿ ಒತ್ತಿದರೆ ಅಂಚು ಹಪ್ಪಳದಂತೆ ಮುರಿಯುತ್ತಿತ್ತು. ಈ ಬುಷ್‌ಗಳು, ಲೋಯರ್ ಆರ್ಮ್‌ನವು, ಹಿಂದಿನ ಟ್ರೇಲಿಂಗ್ ಆರ್ಮ್‌ನವು ಎಲ್ಲವೂ ಬದಲಾದವು. ಜೊತೆಗೆ ನಾಲ್ಕು ಗ್ಯಾಸ್ ಶಾಕ್ ಅಬ್ಸಾರ್ಬರ್, ಮುಂದಿನ ಸ್ಟ್ರಟ್ ಮೌಂಟ್. ಶಾಕ್ ಅಬ್ಸಾರ್ಬರನ್ನು ಒಂದೇ ಬದಿಗೆ ಹಾಕಿಸುವುದು ಉಳಿತಾಯವಲ್ಲ, ಜೋಡಿಯಾಗಿಯೇ ಹಾಕಬೇಕು. ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಜೋಡಣೆ) ಬಿಚ್ಚುವ ಕೆಲಸವನ್ನು ನಾನು ಗ್ಯಾರೇಜಿಗೇ ಬಿಟ್ಟೆ. ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸರಿಯಾದ ಕಂಪ್ರೆಸರ್ ಇಲ್ಲದೆ ಮೇಲಿನ ನಟ್ ಬಿಚ್ಚಿದರೆ ಸ್ಪ್ರಿಂಗ್ ಮುಖಕ್ಕೇ ಹಾರಬಹುದು.

ಒಂದು ವಿಷಯಕ್ಕೆ ಮಾತ್ರ ಮೇಸ್ತ್ರಿಯ ಜೊತೆ ಹಟ ಹಿಡಿದೆ. ಆರ್ಮ್‌ನ ಬೋಲ್ಟ್‌ಗಳನ್ನು ಜ್ಯಾಕ್ ಮೇಲೆ, ಚಕ್ರ ಜೋತಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ಹಾಗೆ ಬಿಗಿದರೆ ಕಾರು ಕೆಳಗಿಳಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡು ನಿಂತಿರುತ್ತದೆ, ಬೇಗ ಹರಿಯುತ್ತದೆ.

"ಇಷ್ಟು ವರ್ಷ ಹಾಗೇ ಬಿಗಿದಿದ್ದೇನಲ್ಲ ಸಾಹೇಬರೇ, ಯಾವ ಗಾಡಿ ನಿಂತಿದೆ?"

"ನಿಂತಿಲ್ಲ ಉಸ್ತಾದ್, ಆದರೆ ಬುಷ್‌ಗೆಂದು ಮತ್ತೆ ನಿಮ್ಮಲ್ಲಿಗೇ ಬಂದಿವೆ."

ನಕ್ಕರು. ನಾಲ್ಕೂ ಚಕ್ರ ನೆಲಕ್ಕೆ ಊರಿದ ಮೇಲೆ, ಗ್ಯಾರೇಜಿನ ಗುಂಡಿಯೊಳಗೆ ಇಳಿದು ತಾವೇ ಬಿಗಿದರು.

ಟೈರು 145/70 ಆರ್13 ಇದ್ದದ್ದನ್ನು 155/65 ಆರ್13 ಮಾಡಿದೆ (ಮಿಲಿಮೀಟರಿನಲ್ಲಿ ಅಗಲ, ಅದರ ಶೇಕಡಾ ಲೆಕ್ಕದಲ್ಲಿ ಪಕ್ಕದ ಎತ್ತರ, ಇಂಚಿನಲ್ಲಿ ರಿಮ್). ಅಗಲ ಹೆಚ್ಚಿದರೂ ಒಟ್ಟು ವ್ಯಾಸದಲ್ಲಿ ವ್ಯತ್ಯಾಸ ಎರಡು ಮಿಲಿಮೀಟರ್‌ಗಿಂತ ಕಡಿಮೆ, ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ. ಚಕ್ರಗಳ ಅಲೈನ್‌ಮೆಂಟ್ ಮುಗಿಸಿ, ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ಅರವತ್ತರಿಂದ ಹತ್ತಕ್ಕೆ ಮತ್ತೆ ಮತ್ತೆ ವೇಗ ಇಳಿಸಿ ಪ್ಯಾಡ್ ಪಳಗಿಸಿದೆ. ಆಗ ಪೂರ್ತಿ ನಿಲ್ಲಿಸಬಾರದು. ಕಾದ ಪ್ಯಾಡ್ ಡಿಸ್ಕಿನ ಒಂದೇ ಕಡೆ ಅಂಟಿ, ಆಮೇಲೆ ಪೆಡಲ್ ನಡುಗುತ್ತದೆ.

ಈಗ ಜೇವರ್ಗಿ ರಸ್ತೆಯ ಅಲೆಗೆ ಕಾರು ಒಮ್ಮೆ ಏಳುತ್ತದೆ, ಕೂರುತ್ತದೆ, ಅಲ್ಲಿಗೆ ಮುಗಿಯಿತು. ರಿಂಗ್ ರಸ್ತೆಯಲ್ಲಿ ಟ್ರ್ಯಾಕ್ಟರ್ ಅಡ್ಡ ಬಂದಾಗ ನೇರವಾಗಿ ನಿಲ್ಲುತ್ತದೆ. ಊರೊಳಗಿನ ಸಣ್ಣ ಉಬ್ಬುಗಳ ಮೇಲೆ ಮಾತ್ರ ಮೊದಲಿಗಿಂತ ತುಸು ಒರಟು. ಹಿಂದಿನ ಸೀಟಿನಲ್ಲಿ ಕೂರುವ ಅವ್ವನ ದೂರು ಇನ್ನೂ ನಿಂತಿಲ್ಲ. ಟೈರಿನ ಗಾಳಿಯನ್ನು ಒಂದೆರಡು ಪಾಯಿಂಟ್ ಆಚೀಚೆ ಮಾಡಿ ನೋಡುತ್ತಿದ್ದೇನೆ.