ಸ್ನೇಕ್ ನದಿಯ ಬಯಲಿನಲ್ಲಿ ನೆಲಅಳಿಲು ಎಣಿಸಿದ್ದು

ಅಮೆರಿಕದ ಐಡಹೋ ರಾಜ್ಯದ ಬಾಯ್ಸಿಯಲ್ಲಿ ಕೆಲಸಕ್ಕೆ ಸೇರಿದ ವರ್ಷ, ಜುಲೈ ಕೊನೆಯಲ್ಲಿ, ಊರಿನ ದಕ್ಷಿಣಕ್ಕಿರುವ ಸ್ನೇಕ್ ನದಿಯ ಕಣಿವೆಗೆ ಮೊದಲ ಬಾರಿ ಹೋಗಿದ್ದೆ. ಬೇಟೆಹಕ್ಕಿಗಳ ಗೂಡುಗಳಿಗೆ ಹೆಸರಾಗಿ, 1993ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಆ ಬಯಲಿನಲ್ಲಿ ಮೂರು ತಾಸು ಅಲೆದರೂ ವಿದ್ಯುತ್ ಗೋಪುರದ ಮೇಲಿನ ಕಾಗೆ ಜಾತಿಯ ರೇವನ್‌ಗಳ ಹೊರತು ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಸೇಜ್‌ಬ್ರಷ್ ಎಂಬ ಅಲ್ಲಿನ ಪೊದೆಯ ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಸಿದಾಗ ಮಾತ್ರ ನಮ್ಮ ದವನದ ನೆನಪಾಯಿತು. ಎರಡೂ ಆರ್ಟೆಮಿಸಿಯಾ ಕುಲದವೆಂಬುದು ಆಮೇಲೆ ತಿಳಿಯಿತು.

ತಪ್ಪು ನನ್ನದೇ. ಅಲ್ಲಿನ ಬೇಟೆಹಕ್ಕಿಗಳಾದ ಪ್ರೇರಿ ಫಾಲ್ಕನ್‌ಗಳ ಮುಖ್ಯ ಆಹಾರವಾದ ಪೈಯೂಟ್ ನೆಲಅಳಿಲು ಜನವರಿ ಕೊನೆ, ಫೆಬ್ರುವರಿಯ ಹೊತ್ತಿಗೆ ಬಿಲದಿಂದ ಹೊರಬಂದು, ಹಸಿರು ಇರುವಷ್ಟು ದಿನ ಮೇಯ್ದು ಕೊಬ್ಬಿ, ಜೂನ್–ಜುಲೈನಲ್ಲಿ ಮತ್ತೆ ನೆಲದಡಿ ಸೇರಿ ಮುಂದಿನ ವರ್ಷದವರೆಗೆ ಮಲಗಿಬಿಡುತ್ತದೆ. ಅದರ ಹಿಂದೆಯೇ ಫಾಲ್ಕನ್‌ಗಳೂ ಕಣಿವೆ ಬಿಡುತ್ತವೆ. ನಾನು ಎಲೆ ಎತ್ತಿದ ಮೇಲೆ ಪಂಕ್ತಿಗೆ ಹೋದವನು.

ಮರುವರ್ಷ ಮಾರ್ಚ್‌ನಿಂದ ಪ್ರತಿ ಶನಿವಾರ ಬೆಳಿಗ್ಗೆ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಕುಳಿತು ಬರೆದುಕೊಳ್ಳತೊಡಗಿದೆ. ಮೊದಲ ದಿನ ಕಂಡ ಅಳಿಲನ್ನೆಲ್ಲ ಕೂಡಿಸುತ್ತ ಹೋಗಿ, ಒಂದು ಗಂಟೆಗೆ 110 ಎಂದು ಬರೆದು ಹಿಗ್ಗಿದೆ. ಆದರೆ ಬಿಲಕ್ಕಿಳಿದದ್ದೇ ಮತ್ತೆ ತಲೆಯೆತ್ತಿದರೆ ಅದು ಎರಡಾಗುತ್ತದೆ. ಆದ್ದರಿಂದ ಬೈನಾಕ್ಯುಲರನ್ನು ಎಡದಿಂದ ಬಲಕ್ಕೆ ಒಮ್ಮೆ ನಿಧಾನವಾಗಿ ಹೊರಳಿಸಿ, ಆ ಒಂದು ಸುತ್ತಿನಲ್ಲಿ ಸಿಕ್ಕಷ್ಟನ್ನೇ ಬರೆದು, ಹತ್ತು ನಿಮಿಷಕ್ಕೊಮ್ಮೆ ಹಾಗೆಯೇ ಮಾಡಿ, ಅವುಗಳಲ್ಲಿ ದೊಡ್ಡ ಸಂಖ್ಯೆಯನ್ನು ದಿನದ ಲೆಕ್ಕವಾಗಿ ಇಟ್ಟುಕೊಂಡೆ. 110 ಇದ್ದದ್ದು 17ಕ್ಕೆ ಇಳಿಯಿತು. ಸಣ್ಣ ಸಂಖ್ಯೆಯಾದರೂ ವಾರದಿಂದ ವಾರಕ್ಕೆ ಹೋಲಿಸಲು ಬರುವುದು ಇದೊಂದೇ.

ಜೂನ್ ಮೊದಲ ವಾರ ಬ್ಯಾಡ್ಜರ್ ಎಂಬ ನೆಲ ಅಗೆಯುವ ಪ್ರಾಣಿ ತೋಡಿದ ಹಳೆಯ ಬಿಲವೊಂದರ ಬಾಯಿಯಲ್ಲಿ ಒಣ ಸಗಣಿಯ ಚೂರುಗಳು ಹರಡಿರುವುದನ್ನು ಕಂಡು ಬಗ್ಗಿದೆ. ಒಳಗಿನಿಂದ, ವಿಷದ ಹಾವಾದ ರ್‍ಯಾಟಲ್‌ಸ್ನೇಕ್ ಬಾಲ ಅಲುಗಿಸಿದಂಥ ಸದ್ದು ಬಂತು. ಎರಡು ಮಾರು ಹಿಂದಕ್ಕೆ ಹಾರಿದೆ. ಕಾರಿಗೆ ಮರಳಿ ಅರ್ಧ ಗಂಟೆ ಕಾದಾಗ ಬಿಲಗೂಬೆಯ ಮೂರು ಮರಿಗಳು ಒಂದೊಂದಾಗಿ ಹೊರಬಂದು ನಿಂತವು. ಹೆದರಿದ ಮರಿಗಳು ಹಾವಿನಂತೆ ಸದ್ದು ಮಾಡುತ್ತವೆ. ಅಷ್ಟು ಹತ್ತಿರ ಹೋಗಬಾರದಿತ್ತು. ಆಮೇಲೆ ಬಿಲಗಳನ್ನೆಲ್ಲ ಕಾರಿನಿಂದಲೇ ನೋಡಿದೆ.

ನಾನು ಕೂರುವ ಜಾಗದ ಬಲಬದಿ ಹಿಂದೊಮ್ಮೆ ಬೆಂಕಿಗೆ ಸುಟ್ಟದ್ದು. ಸುಟ್ಟ ಬುಡದಿಂದ ಸೇಜ್‌ಬ್ರಷ್ ಮತ್ತೆ ಚಿಗುರುವುದಿಲ್ಲವಾದ್ದರಿಂದ, ಅಲ್ಲೆಲ್ಲ ಯುರೇಷ್ಯಾದಿಂದ ಬಂದ, ಬೇಗ ಒಣಗುವ ಚೀಟ್‌ಗ್ರಾಸ್ ಹುಲ್ಲೇ ತುಂಬಿದೆ. ಆ ಬದಿಯ ಅಳಿಲುಗಳು ಎಡಬದಿಯವಕ್ಕಿಂತ ಒಂದು ವಾರ ಮೊದಲೇ ಕಾಣದಾದವೆಂದು ನನಗನ್ನಿಸಿತು. ಆದರೆ ಎರಡೂ ಬದಿಯನ್ನು ಒಟ್ಟಿಗೇ ಎಣಿಸಿದ್ದರಿಂದ ಪುಸ್ತಕದಲ್ಲಿ ಅದಕ್ಕೆ ಆಧಾರವಿಲ್ಲ. ಈ ವರ್ಷ ಪುಟದ ನಡುವೆ ಗೆರೆ ಎಳೆದು ಎಡ, ಬಲ ಎಂದು ಬೇರೆ ಬೇರೆ ಬರೆಯುತ್ತಿದ್ದೇನೆ.