ಚಳಿಯಲ್ಲಿ ಗಾಳ ಹಿಡಿದ ಕೈ: ಬೆರಳು ಮರಗಟ್ಟದಂತೆ ನಾನು ಮಾಡಿಕೊಂಡಿದ್ದು

ಗಾಳ ಬೆರಳಿಗೆ ಚುಚ್ಚಿದ್ದು ನನಗೆ ಗೊತ್ತೇ ಆಗಲಿಲ್ಲ. ರಕ್ತ ಕಂಡ ಮೇಲೆ ಗೊತ್ತಾಯಿತು.

ಆ ಬೆಳಿಗ್ಗೆ ತಾಪಮಾನ ಸೊನ್ನೆಗಿಂತ ಸ್ವಲ್ಪ ಕೆಳಗಿತ್ತು. ನದಿಯ ಮೇಲಿಂದ ಗಾಳಿ ಬೀಸುತ್ತಿತ್ತು. ಎರಡು ಗಂಟೆ ಕಾದ ಮೇಲೆ ಒಂದು ಮೀನು ಕಚ್ಚಿತ್ತು. ಅದರ ಬಾಯಿಂದ ಗಾಳ ಬಿಡಿಸಲು ಗ್ಲೌಸ್ ಬಿಚ್ಚಿದೆ. ಬೆರಳುಗಳು ಕಟ್ಟಿಗೆಯ ಹಾಗೆ ಆಗಿದ್ದವು. ಹಿಡಿದರೆ ಹಿಡಿತ ಇಲ್ಲ, ಬಿಟ್ಟರೆ ಬಿಟ್ಟಿದ್ದು ತಿಳಿಯುವುದಿಲ್ಲ. ಹತ್ತು ಸೆಕೆಂಡಿನಲ್ಲಿ ಮುಗಿಯಬೇಕಾದ ಕೆಲಸಕ್ಕೆ ಎರಡು ಮೂರು ನಿಮಿಷ ಹಿಡಿಯಿತು. ಮೀನನ್ನು ನೀರಿಗೆ ಬಿಟ್ಟರೆ ಅದು ಒಂದು ಪಕ್ಕಕ್ಕೆ ವಾಲಿತು. ಬಹಳ ಹೊತ್ತು ಎರಡೂ ಕೈಯಲ್ಲಿ ಆಸರೆ ಕೊಟ್ಟು ನಿಂತ ಮೇಲೆ ಬಾಲ ಆಡಿಸಿ ಹೋಯಿತು. ಬೆರಳಿನ ಗಾಯಕ್ಕಿಂತ ನನಗೆ ಅದೇ ಜಾಸ್ತಿ ಬೇಜಾರಾಯಿತು.

ಅವತ್ತು ಸಂಜೆಯೇ ಹೋಗಿ ದಪ್ಪ ಗ್ಲೌಸ್ ತಂದೆ. ಪ್ರಯೋಜನ ಆಗಲಿಲ್ಲ. ಮುಂದಿನ ವರ್ಷ ಇನ್ನೂ ದಪ್ಪನೆಯದು ತಂದೆ. ಅದರಲ್ಲಿ ರೀಲಿನ ಹಿಡಿ ತಿರುಗಿಸುವುದೇ ಕಷ್ಟ. ಮತ್ತೆ ಮತ್ತೆ ಬಿಚ್ಚಬೇಕು. ಬಿಚ್ಚಿದಾಗೆಲ್ಲ ಕೈ ಒದ್ದೆ. ಒದ್ದೆ ಕೈಯನ್ನೇ ಮತ್ತೆ ಒಳಗೆ ತೂರಿಸುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಒಳಗಿನ ಅಸ್ತರು ಪೂರ್ತಿ ತೇವ. ಗ್ಲೌಸ್ ದಪ್ಪ ಇಲ್ಲದ್ದಕ್ಕೆ ಕೈ ತಣ್ಣಗಾಗುತ್ತಿಲ್ಲ, ಒದ್ದೆ ಆಗಿದ್ದಕ್ಕೆ ಆಗುತ್ತಿದೆ ಅನ್ನೋದು ಅರ್ಥವಾಗಲು ನನಗೆ ಎರಡು ಚಳಿಗಾಲ ಬೇಕಾಯಿತು.

ಆದರೆ ಅದಕ್ಕೂ ಮೊದಲು ಇನ್ನೊಂದು ವಿಷಯ ಇದೆ. ನದಿಯಲ್ಲಿ ಆಗಾಗ ಸಿಗುತ್ತಿದ್ದ ಹಿರಿಯರೊಬ್ಬರು ನನ್ನ ಕೈ ನೋಡಿ, "ಮೊದಲು ತಲೆಗೆ ಟೋಪಿ ಹಾಕ್ಕೊಳಪ್ಪ, ಕುತ್ತಿಗೆ ಮುಚ್ಚು" ಅಂದರು. ಕೈ ತಣ್ಣಗಿದ್ದರೆ ಟೋಪಿ ಯಾಕೆ ಅನಿಸಿತು. ಅವರು ಹೇಳಿದ್ದು ಸರಿಯಾಗಿತ್ತು. ಬೆರಳುಗಳಲ್ಲಿ ಸ್ನಾಯು ಇಲ್ಲವೇ ಇಲ್ಲ ಅನ್ನಬಹುದು. ಅವುಗಳನ್ನು ಆಡಿಸುವ ದೊಡ್ಡ ಸ್ನಾಯುಗಳೆಲ್ಲ ಮುಂಗೈಯಲ್ಲಿವೆ. ಹಾಗಾಗಿ ಬೆರಳು ತನ್ನಷ್ಟಕ್ಕೆ ಹೆಚ್ಚು ಶಾಖ ಹುಟ್ಟಿಸುವುದಿಲ್ಲ. ರಕ್ತ ತಂದುಕೊಟ್ಟ ಶಾಖವೇ ಅದಕ್ಕೆ ಗತಿ. ಮೈ ತಣ್ಣಗಾಗಲು ಶುರುವಾದರೆ ದೇಹ ಮೊದಲು ಕೈಕಾಲಿನ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ಇರುವ ಶಾಖವನ್ನು ಎದೆ, ಹೊಟ್ಟೆ, ಮಿದುಳಿಗೆ ಉಳಿಸಿಕೊಳ್ಳುತ್ತದೆ. ಆಗ ಎಂಥ ಗ್ಲೌಸ್ ಹಾಕಿದರೂ ಒಳಗೆ ಹಿಡಿದಿಡಲು ಶಾಖವೇ ಇರುವುದಿಲ್ಲ.

ಕೆಲವೊಮ್ಮೆ ತಣ್ಣಗಾದ ಬೆರಳು ಐದು ಹತ್ತು ನಿಮಿಷದ ಮೇಲೆ ತಾನಾಗಿಯೇ ಸ್ವಲ್ಪ ಬೆಚ್ಚಗಾಗುತ್ತದೆ, ಮತ್ತೆ ತಣ್ಣಗಾಗುತ್ತದೆ. ಚಳಿಯಲ್ಲಿ ನಿಂತವರಿಗೆ ಇದು ಗೊತ್ತಿರುತ್ತದೆ. ಮುಚ್ಚಿದ ರಕ್ತನಾಳಗಳು ನಡುನಡುವೆ ತೆರೆದುಕೊಳ್ಳುವುದರಿಂದ ಹೀಗಾಗುತ್ತದೆ. ಬ್ರಿಟಿಷ್ ವೈದ್ಯ ಥಾಮಸ್ ಲೂಯಿಸ್ 1930ರಲ್ಲಿ ಇದನ್ನು ವಿವರಿಸಿದ್ದರು. ಆದರೆ ಮೈಯೇ ತಣ್ಣಗಿದ್ದರೆ ಈ ಬಿಡುವು ಸರಿಯಾಗಿ ಸಿಗುವುದಿಲ್ಲ. ಇದನ್ನು ಓದಿದ ಮೇಲೆ ಟೋಪಿಯ ಮಾತು ನನಗೆ ಪೂರ್ತಿ ಮನಸ್ಸಿಗೆ ಬಂತು.

ಈಗ ನಾನು ಮೈಯಿಂದ ಶುರು ಮಾಡುತ್ತೇನೆ. ಒಳಗೆ ಉಣ್ಣೆಯ ಬನಿಯನ್, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ನುಗ್ಗದ ಜಾಕೆಟ್. ಹತ್ತಿ ಬಟ್ಟೆ ಮೈಗೆ ತಾಗಿಸುವುದಿಲ್ಲ, ಅದು ಬೆವರು ಹೀರಿ ಹಾಗೇ ಒದ್ದೆಯಾಗಿ ಉಳಿಯುತ್ತದೆ. ನದಿಯವರೆಗೆ ನಡೆಯುವಾಗ ಜಾಕೆಟ್ ಚೀಲದಲ್ಲೇ ಇರುತ್ತದೆ. ನಡೆಯುವಾಗ ಸ್ವಲ್ಪ ಚಳಿ ಅನಿಸಬೇಕು. ಬೆವರಿಕೊಂಡು ಹೋಗಿ ನಿಂತರೆ ಅರ್ಧ ಗಂಟೆಯಲ್ಲಿ ನಡುಕ ಶುರು. ಕಾಲ ಕೆಳಗೆ ಒಂದು ದಪ್ಪ ಫೋಮ್ ತುಂಡು ಹಾಕಿಕೊಳ್ಳುತ್ತೇನೆ. ಹೊರಡುವ ಮೊದಲು ಹೊಟ್ಟೆ ತುಂಬಾ ತಿನ್ನುತ್ತೇನೆ. ಸಿಗರೇಟು ರಕ್ತನಾಳ ಕಿರಿದು ಮಾಡುತ್ತದೆ. ಮದ್ಯ ಕುಡಿದರೆ ಚರ್ಮ ಬೆಚ್ಚಗಾದಂತೆ ಅನಿಸುತ್ತದೆ, ನಿಜವಾಗಿ ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಚಳಿಯಲ್ಲಿ ನೀರಿನ ಪಕ್ಕ ಎರಡೂ ಬೇಡ.

ಮಣಿಕಟ್ಟಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಅಲ್ಲಿ ರಕ್ತನಾಳಗಳು ಚರ್ಮಕ್ಕೆ ತೀರಾ ಹತ್ತಿರ ಇವೆ. ಗ್ಲೌಸ್ ಮತ್ತು ತೋಳಿನ ನಡುವೆ ಎರಡು ಬೆರಳಷ್ಟು ಜಾಗ ತೆರೆದಿದ್ದರೆ ಬೆರಳಿಗೆ ಹೋಗುವ ರಕ್ತ ಅಲ್ಲೇ ತಣ್ಣಗಾಗುತ್ತದೆ. ನಾನು ಹಳೆಯ ಉಣ್ಣೆ ಸಾಕ್ಸಿನ ಕಾಲುಭಾಗ ಕತ್ತರಿಸಿ, ಹೆಬ್ಬೆರಳಿಗೆ ಒಂದು ತೂತು ಮಾಡಿ, ಮಣಿಕಟ್ಟಿಗೆ ಹಾಕಿಕೊಂಡೆ. ಇದಕ್ಕಿಂತ ಸುಲಭದ, ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಇವತ್ತಿಗೂ ಸಿಕ್ಕಿಲ್ಲ. ಬೆರಳು ಪೂರ್ತಿ ಬರಿದಾಗಿದ್ದರೂ ಇದೊಂದು ಇದ್ದರೆ ಕೈ ಬಹಳ ಹೊತ್ತು ತಡೆಯುತ್ತದೆ. ಬಿಗಿಯಾಗಿ ಮಾತ್ರ ಇರಬಾರದು. ಬಿಗಿಯಾದ ಯಾವುದೇ ಆಗಲಿ, ಗ್ಲೌಸ್ ಆಗಲಿ ಉಂಗುರ ಆಗಲಿ, ರಕ್ತ ತಡೆಯುತ್ತದೆ.

ಇನ್ನು ಒದ್ದೆಯ ವಿಷಯ. ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಶಾಖ ಸಾಗಿಸುತ್ತದೆ. ಅದು ಸಾಲದು ಅಂತ ಚರ್ಮದ ಮೇಲಿನ ನೀರು ಆವಿಯಾಗುವಾಗಲೂ ಶಾಖ ಎಳೆದುಕೊಂಡೇ ಹೋಗುತ್ತದೆ. ಒಂದು ಬೆಳಿಗ್ಗೆ ನನ್ನ ಕೈ ಎಲ್ಲೆಲ್ಲಿ ಒದ್ದೆಯಾಗುತ್ತದೆ ಅಂತ ಸುಮ್ನೆ ಗಮನಿಸುತ್ತಾ ಹೋದೆ. ಎರೆ ಸಿಕ್ಕಿಸುವಾಗ. ಆ ಕೈ ನೀರಲ್ಲಿ ತೊಳೆದಾಗ. ದಾರ ಸುತ್ತುವಾಗ ಬೆರಳ ಮೇಲೆ ಹನಿ ಬಿದ್ದಾಗ. ಬಲೆ ಎತ್ತಿದಾಗ. ಮೀನು ಹಿಡಿದಾಗ. ಇದರಲ್ಲಿ ತಪ್ಪಿಸಲೇ ಆಗದ್ದು ಕೊನೆಯದೊಂದೇ.

ಮೀನನ್ನು ಒಣ ಕೈಯಲ್ಲಿ ಮುಟ್ಟಬಾರದು. ಅದರ ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ಆ ಲೋಳೆಯೇ ಅದಕ್ಕೆ ಸೋಂಕು ತಗಲದಂತೆ ಕಾಯುವುದು. ಉಣ್ಣೆಯ ಗ್ಲೌಸ್ ಹಾಕಿ ಹಿಡಿಯುವುದಂತೂ ಇನ್ನೂ ಕೆಟ್ಟದ್ದು. ವಾಪಸ್ ಬಿಡುವ ಮೀನಾದರೆ ಕೈ ಒದ್ದೆ ಮಾಡಿಕೊಳ್ಳಲೇಬೇಕು. ನನ್ನ ಕೈ ಒಣಗಿರಬೇಕು, ಮೀನಿಗೆ ಒದ್ದೆ ಕೈ ಬೇಕು. ಇದಕ್ಕೆ ನಾನು ಕಂಡುಕೊಂಡ ದಾರಿ ಏನೆಂದರೆ, ಎಡಗೈ ಒದ್ದೆ ಕೈ, ಬಲಗೈ ಒಣ ಕೈ. ಮೀನು, ಬಲೆ, ನೀರು ಎಲ್ಲ ಎಡಗೈಗೆ. ಬಲಗೈ ನೀರನ್ನು ಮುಟ್ಟುವುದೇ ಇಲ್ಲ, ಅದು ಇಕ್ಕಳ ಹಿಡಿಯಲು ಮಾತ್ರ. ಮೊದಮೊದಲು ಮರೆತು ಬಲಗೈ ಮುಂದೆ ಹೋಗುತ್ತಿತ್ತು. ನಾಲ್ಕೈದು ಸಲದಲ್ಲಿ ರೂಢಿಯಾಯಿತು. ಒಂದು ಕೈ ಒಣಗಿ ಬೆಚ್ಚಗಿದ್ದರೆ ಸಾಕು, ಗಂಟು ಹಾಕಬಹುದು, ಜಿಪ್ ಎಳೆಯಬಹುದು, ಫ್ಲಾಸ್ಕ್ ತೆರೆಯಬಹುದು.

ಮೀನನ್ನು ನೀರಿಂದ ಮೇಲೆ ಎತ್ತುವುದನ್ನೂ ಬಿಟ್ಟೆ. ರಬ್ಬರ್ ಬಲೆಯಲ್ಲಿ, ನೀರಲ್ಲೇ ಇಟ್ಟು, ಉದ್ದ ಮೂತಿಯ ಇಕ್ಕಳದಿಂದ ಗಾಳ ಬಿಡಿಸುತ್ತೇನೆ. ಗಾಳದ ಮರುಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರುತ್ತೇನೆ, ಹಾಗಾಗಿ ಹಿಂದಕ್ಕೆ ತಳ್ಳಿದರೆ ಸಲೀಸಾಗಿ ಬರುತ್ತದೆ. ಇದು ಮೀನಿಗೂ ಒಳ್ಳೆಯದು. ಕೊರೆಯುವ ಚಳಿಯಲ್ಲಿ ಅದರ ಒದ್ದೆ ಕಿವಿರು, ಕಣ್ಣು ಬೇಗ ಹೆಪ್ಪುಗಟ್ಟುತ್ತವೆ.

ಸೊಂಟಕ್ಕೆ ಒಂದು ಟವೆಲ್ ಸಿಕ್ಕಿಸಿರುತ್ತೇನೆ, ಇನ್ನೊಂದು ಜಾಕೆಟ್ಟಿನ ಒಳಜೇಬಿನಲ್ಲಿ. ಮೊದಲನೆಯದರಲ್ಲಿ ನೀರು, ಲೋಳೆ ಒರೆಸುವುದು. ಆಮೇಲೆ ಒಳಗಿನ ಒಣ ಟವೆಲಿನಲ್ಲಿ ಬೆರಳ ಸಂದಿಗಳನ್ನೂ ಬಿಡದೆ ಒರೆಸಿ, ಆಮೇಲೆಯೇ ಗ್ಲೌಸಿಗೆ ಕೈ. ಅರ್ಧ ನಿಮಿಷದ ಕೆಲಸ. ಮುಂಚೆ ಇದನ್ನು ಮಾಡದೇ ಇಡೀ ದಿನ ಕಳೆದುಕೊಳ್ಳುತ್ತಿದ್ದೆ.

ದಾರದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹೆಣೆದ ದಾರ ನೀರು ಹಿಡಿದುಕೊಂಡು ಬರುತ್ತದೆ, ಬೆರಳೂ ಒದ್ದೆ, ದಾರ ಹಾಯುವ ಕೋಲಿನ ಬಳೆಗಳಲ್ಲೂ ಮಂಜುಗಡ್ಡೆ. ಚಳಿಗಾಲಕ್ಕೆ ಒಂಟಿ ಎಳೆಯ ನೈಲಾನ್ ದಾರ ವಾಸಿ. ಬಳೆಗಳಲ್ಲಿ ಮಂಜು ಕಟ್ಟಿದರೆ ಬೆರಳಲ್ಲಿ ಉಜ್ಜಬೇಡಿ, ಕೋಲಿನ ತುದಿಯನ್ನು ಒಂದು ಕ್ಷಣ ನೀರಲ್ಲಿ ಅದ್ದಿ. ರೀಲು ಕೂರುವ ಲೋಹದ ಭಾಗಕ್ಕೆ ಟೇಪ್ ಸುತ್ತಿದ್ದೇನೆ. ಬರೀ ಲೋಹ ಹಿಡಿದಷ್ಟು ಹೊತ್ತೂ ಶಾಖ ಎಳೆಯುತ್ತಲೇ ಇರುತ್ತದೆ.

ಗಂಟುಗಳನ್ನು ಮನೆಯಲ್ಲೇ ಹಾಕಿಕೊಳ್ಳುತ್ತೇನೆ. ಹಿಂದಿನ ರಾತ್ರಿ ಕೂತು ಎಂಟು ಹತ್ತು ಗಾಳಗಳಿಗೆ ತುಂಡು ದಾರ ಕಟ್ಟಿ, ಫೋಮ್ ತುಂಡಿಗೆ ಸುತ್ತಿಡುತ್ತೇನೆ. ನದಿಯಲ್ಲಿ ಕೊಂಡಿಗೆ ಸಿಕ್ಕಿಸಿದರೆ ಮುಗಿಯಿತು. ಮುಂಚೆ ಒಂದು ಗಂಟಿಗಾಗಿ ಐದು ನಿಮಿಷ ಬರಿಗೈಯಲ್ಲಿ ಒದ್ದಾಡುತ್ತಿದ್ದೆ. ಕೈ ಹಾಳಾಗುತ್ತಿದ್ದುದು ಅಂಥ ಐದು ನಿಮಿಷಗಳಲ್ಲೇ.

ಗ್ಲೌಸ್ ಅಂತ ಈಗ ನನ್ನ ಹತ್ತಿರ ಇರುವುದು ಬೆರಳ ತುದಿ ಇಲ್ಲದ ಉಣ್ಣೆಯದು. ಮೇಲೆ ಮಡಚುವ ಟೊಪ್ಪಿಗೆ ಇದೆ, ಬೇಡವಾದಾಗ ಹಿಂದಕ್ಕೆ, ಕಾಯುವಾಗ ಬೆರಳುಗಳ ಮೇಲೆ. ಬೆರಳುಗಳು ಒಟ್ಟಿಗೆ ಇದ್ದರೆ ಒಂದಕ್ಕೊಂದು ಬಿಸಿ ಕೊಡುತ್ತವೆ, ಬೇರೆ ಬೇರೆ ಬೆರಳಿನ ಗ್ಲೌಸಿಗಿಂತ ಇದು ಅದಕ್ಕೇ ಬೆಚ್ಚಗೆ. ಉಣ್ಣೆ ಸ್ವಲ್ಪ ಒದ್ದೆಯಾದರೂ ಪೂರ್ತಿ ಕೈಬಿಡುವುದಿಲ್ಲ. ತುಂಬಾ ಗಾಳಿ ಇದ್ದರೆ ಒಳಗೆ ವೈದ್ಯರು ಹಾಕುವಂಥ ತೆಳ್ಳನೆಯ ನೈಟ್ರೈಲ್ ಗ್ಲೌಸ್ ಹಾಕುತ್ತೇನೆ. ಗಾಳಿ, ನೀರು ಎರಡೂ ನಿಲ್ಲುತ್ತವೆ. ಆದರೆ ಒಳಗೆ ಬೆವರು ಸೇರುತ್ತದೆ, ಅದಕ್ಕೆ ನಡುವೆ ಬದಲಾಯಿಸಬೇಕು. ಮಳೆ ಅಥವಾ ದೋಣಿಯ ಕೆಲಸಕ್ಕೆ ನಿಯೋಪ್ರೀನ್ ಗ್ಲೌಸ್ ಇದೆ. ಅದರ ರಬ್ಬರಿನೊಳಗೆ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಅನಿಲ ಇರುವುದರಿಂದ ಒದ್ದೆಯಲ್ಲೂ ಬೆಚ್ಚಗಿರುತ್ತದೆ. ಯಾವುದೇ ಇರಲಿ, ಎರಡನೇ ಒಣ ಜೊತೆ ಚೀಲದಲ್ಲಿ ಇರಲೇಬೇಕು. ಒಂದು ಒಳ್ಳೆಯ ಜೊತೆಗಿಂತ ಎರಡು ಸಾಧಾರಣ ಜೊತೆ ಮೇಲು.

ಶಾಖ ಕೊಡುವ ಪೊಟ್ಟಣಗಳ ವಿಷಯದಲ್ಲಿ ನಾನು ತುಂಬಾ ತಪ್ಪು ಮಾಡಿದ್ದೇನೆ. ಒಮ್ಮೆ ಬಳಸಿ ಎಸೆಯುವ ಪೊಟ್ಟಣದಲ್ಲಿ ಕಬ್ಬಿಣದ ಪುಡಿ, ಉಪ್ಪು, ಇದ್ದಿಲು, ಸ್ವಲ್ಪ ನೀರು ಇರುತ್ತದೆ. ಗಾಳಿ ತಾಗಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಆಗ ಶಾಖ ಬರುತ್ತದೆ. ನಾನು ಅದನ್ನು ಕೈ ಮರಗಟ್ಟಿದ ಮೇಲೆ ಬಿಚ್ಚಿ, ಬಿಗಿ ಗ್ಲೌಸಿನೊಳಗೆ ತುರುಕುತ್ತಿದ್ದೆ. ಗಾಳಿ ಇಲ್ಲದೆ ಅದು ಬಿಸಿ ಆಗುತ್ತಲೇ ಇರಲಿಲ್ಲ. ಈಗ ಮನೆ ಬಿಡುವಾಗಲೇ ಬಿಚ್ಚುತ್ತೇನೆ. ಒಂದನ್ನು ಮಣಿಕಟ್ಟಿನ ಒಳಭಾಗಕ್ಕೆ, ಸಾಕ್ಸಿನ ಪಟ್ಟಿಯ ಮೇಲೆ ಇಡುತ್ತೇನೆ, ಚರ್ಮಕ್ಕೆ ನೇರವಾಗಿ ಅಲ್ಲ. ಮರಗಟ್ಟಿದ ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಬೇಗ ವಾಪಸ್ ಬಂದರೆ ಗಾಳಿಯಾಡದ ಚೀಲಕ್ಕೆ ಹಾಕಿ ಮುಚ್ಚಿಡಿ, ಉಳಿದದ್ದು ನಾಳೆಗೆ ಬರುತ್ತದೆ.

ಒಳಗಿನ ಲೋಹದ ಬಿಲ್ಲೆ ಒತ್ತಿದರೆ ಗಟ್ಟಿಯಾಗಿ ಬಿಸಿಯಾಗುವ ಇನ್ನೊಂದು ಬಗೆ ಇದೆ. ಅದರಲ್ಲಿರುವುದು ಸೋಡಿಯಂ ಅಸಿಟೇಟ್. ಕುದಿಯುವ ನೀರಲ್ಲಿ ಹಾಕಿದರೆ ಕರಗಿ ಮತ್ತೆ ಬಳಕೆಗೆ ಸಿದ್ಧ. ಶಾಖ ಕೂಡಲೇ ಬರುತ್ತದೆ, ಆದರೆ ಬಹಳ ಹೊತ್ತು ಇರುವುದಿಲ್ಲ. ನನಗೆ ತುಂಬಾ ಇಷ್ಟವಾದದ್ದು ಇಂಧನದ್ದು. ಜಪಾನಿನ ಮತೋಬಾ ಎಂಬವರು 1923ರಲ್ಲಿ ಮಾಡಿದ ಬಗೆ. ಲೈಟರಿಗೆ ಹಾಕುವಂಥ ಪೆಟ್ರೋಲಿಯಂ ಇಂಧನದ ಆವಿ ಪ್ಲಾಟಿನಂ ತಾಗಿ, ಜ್ವಾಲೆ ಇಲ್ಲದೆ ನಿಧಾನವಾಗಿ ಉರಿಯುತ್ತದೆ. ಚಳಿಯಲ್ಲಿ ಸೊರಗುವ ಬ್ಯಾಟರಿ ಇದರಲ್ಲಿಲ್ಲ. ಜೇಬಿನಲ್ಲಿಟ್ಟರೆ ಬೆಳಗಿನಿಂದ ಸಂಜೆಯವರೆಗೂ ಬಿಸಿ. ಇಂಧನದ ವಾಸನೆ ಕೈಗೆ ಹತ್ತುತ್ತದೆ, ಅದಕ್ಕೆ ಎರೆ ಮುಟ್ಟದ ಕೈಯಲ್ಲಿ ತುಂಬಿಸುತ್ತೇನೆ. ಆದರೆ ಮುಚ್ಚಿದ ಡೇರೆಯೊಳಗೆ ಇಂಥದ್ದು, ಒಲೆಯಂಥದ್ದು ಯಾವುದನ್ನೂ ಗಾಳಿ ಆಡಲು ದಾರಿ ಇಲ್ಲದೆ ಉರಿಸಬೇಡಿ.

ಇಷ್ಟೆಲ್ಲ ಮಾಡಿಯೂ ಕೈ ತಣ್ಣಗಾಯಿತು ಅನ್ನಿ. ತೋಳನ್ನು ಪೂರ್ತಿ ಚಾಚಿ ಜೋರಾಗಿ ವೃತ್ತಾಕಾರದಲ್ಲಿ ಇಪ್ಪತ್ತು ಮೂವತ್ತು ಸಲ ಬೀಸುತ್ತೇನೆ. ಬೀಸಿದ ರಭಸಕ್ಕೆ ರಕ್ತ ಬೆರಳ ತುದಿಗೆ ನುಗ್ಗುತ್ತದೆ. ಚುಚ್ಚಿದಂತೆ ನೋವಾದರೆ ಒಳ್ಳೆಯ ಲಕ್ಷಣ. ಇಲ್ಲವಾದರೆ ಕಂಕುಳಲ್ಲಿ ಕೈ ಇಟ್ಟು ಐದು ನಿಮಿಷ ಕೂರುತ್ತೇನೆ, ಕೋಲು ನೆಲದ ಮೇಲೆ.

ಎದ್ದು ಹೋಗಬೇಕಾದ ಹೊತ್ತು ಯಾವುದು ಅಂತ ತಿಳಿಯಲು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಹೆಬ್ಬೆರಳನ್ನು ಅದೇ ಕೈಯ ಕಿರುಬೆರಳಿಗೆ ಮುಟ್ಟಿಸಬೇಕು. ಆಗದಿದ್ದರೆ ಸಾಮಾನು ಕಟ್ಟುತ್ತೇನೆ. ಮೀನು ಚೆನ್ನಾಗಿ ಕಚ್ಚುತ್ತಿರುವಾಗಲೇ ಹೀಗೆ ಎದ್ದು ಬಂದಿದ್ದೂ ಇದೆ. ಚರ್ಮ ಮೇಣದಂತೆ ಬೆಳ್ಳಗಾಗಿ, ಮುಟ್ಟಿದ್ದೂ ತಿಳಿಯದಂತಾದರೆ ಅದು ಹಿಮದ ಹೊಡೆತ. ಉಜ್ಜಬಾರದು, ಹಿಮ ಸವರಬಾರದು, ಬೆಂಕಿಗೆ ಹಿಡಿಯಬಾರದು. ಮತ್ತೆ ಹೆಪ್ಪುಗಟ್ಟುವ ಭಯ ಇಲ್ಲದ ಜಾಗಕ್ಕೆ ಬಂದ ಮೇಲೆ 37ರಿಂದ 39 ಡಿಗ್ರಿ ಬಿಸಿಯ ನೀರಲ್ಲಿ ಕೈ ಇಡಬೇಕು, ವೈದ್ಯರಿಗೆ ತೋರಿಸಬೇಕು. ಸ್ವಲ್ಪ ಚಳಿಗೇ ಬೆರಳು ಬಿಳಿ, ಆಮೇಲೆ ನೀಲಿ, ಆಮೇಲೆ ಕೆಂಪು ಆಗುವವರು ಕೂಡ ಒಮ್ಮೆ ತೋರಿಸಿಕೊಳ್ಳಿ. ಫ್ರಾನ್ಸಿನ ವೈದ್ಯ ಮೋರಿಸ್ ರೇನೋ 1862ರಲ್ಲಿ ವಿವರಿಸಿದ ತೊಂದರೆ ಇದು, ಅವರ ಹೆಸರಿನಿಂದಲೇ ಕರೆಯುತ್ತಾರೆ. ಅಂಥವರಿಗೆ ನಾನು ಹೇಳಿದ ಉಪಾಯಗಳು ಮಾತ್ರ ಸಾಲುವುದಿಲ್ಲ.

ಮನೆಗೆ ಬಂದ ತಕ್ಷಣ ಗ್ಲೌಸುಗಳನ್ನು ಒಳಗು ಹೊರಗು ಮಾಡಿ ನೇತುಹಾಕುತ್ತೇನೆ. ಬೆಂಕಿಯ ಹತ್ತಿರ ಅಲ್ಲ, ಉಣ್ಣೆ ಸೆಡೆದುಕೊಳ್ಳುತ್ತದೆ, ರಬ್ಬರ್ ಬಿರುಕು ಬಿಡುತ್ತದೆ. ಗಾಳಿಯಾಡುವ ಕಡೆ ಸಾಕು. ಮಲಗುವ ಮೊದಲು ಬೆರಳ ತುದಿಯವರೆಗೆ ಕೈ ಹಾಕಿ ನೋಡುತ್ತೇನೆ. ಅಲ್ಲಿ ತೇವ ಉಳಿದಿದ್ದರೆ ಹಳೆಯ ಪತ್ರಿಕೆಯ ಹಾಳೆ ಉಂಡೆ ಮಾಡಿ ತುಂಬಿ ಇಡುತ್ತೇನೆ.