ಘಟ್ಟ ಇಳಿದು ಮಂಗ್ಳೂರಿಗೆ ಬಂದವ್ರಿಗೆ: ಇಲ್ಲಿಯವ್ರ ಕುಶಾಲ್ ತಡ್ಕೊಳೋದು ಹೆಂಗೆ

ಗದಗದಿಂದ ಮಂಗ್ಳೂರಿಗೆ ಬಂದು ನಂಗೆ ಹನ್ನೊಂದು ವರ್ಷ ಆಯ್ತು, ಬಿಜೈ ಹತ್ರ ಒಂದು ಸ್ಪೇರ್ ಪಾರ್ಟ್ಸ್ ಅಂಗ್ಡೀಲಿ ಲೆಕ್ಕ ಬರೆಯೋ ಕೆಲ್ಸ. ನಮ್ಮೂರಿಂದ ಯಾವ ಹುಡುಗ ಇಲ್ಲಿಗೆ ಬಂದ್ರೂ ಒಂದು ವಾರಕ್ಕೆ ನಂಗೆ ಫೋನ್ ಬರತ್ತೆ, "ಅಣ್ಣಾ, ಇವ್ರು ನಮ್ಮನ್ನ ಆಡ್ಕೋತಾರೋ ಪ್ರೀತಿ ಮಾಡ್ತಾರೋ ಒಂದೂ ಗೊತ್ತಾಗವಲ್ದು" ಅಂತ. ಪ್ರತಿ ಸಲ ಫೋನಲ್ಲಿ ಅದನ್ನೇ ಒದರೋದು ಸಾಕಾಯ್ತು, ಅದಕ್ಕೇ ಬರೀತಿದ್ದೀನಿ.

ಮೊದ್ಲು ಮುಖ ನೋಡಿ ಅಂದಾಜು ಮಾಡೋದು ಬಿಡಿ. ನಮ್ ಕಡೆ ಚಾಷ್ಟಿ, ಅಂದ್ರೆ ತಮಾಷೆ, ಮಾಡೋನು ಮೊದ್ಲು ತಾನೇ ಹಲ್ಲು ಕಿಸೀತಾನೆ, ಆಮೇಲೆ ಬೆನ್ನಿಗೊಂದು ಗುದ್ದು ಕೊಡ್ತಾನೆ, ಸೋ ಚಾಷ್ಟಿ ಅಂತ ಗೊತ್ತಾಗತ್ತೆ. ಇಲ್ಲಿ ಅದಕ್ಕೆ ಕುಶಾಲ್ ಅಂತಾರೆ, ಕುಶಾಲ್ ಮಾಡೋವಾಗ ಇವ್ರ ಮುಖ ಲೋನ್ ಆಗಲ್ಲ ಅಂತ ಹೇಳೋ ಮ್ಯಾನೇಜರ್ ಥರ ಇರತ್ತೆ. ನನ್ನ ಮೊದಲ್ನೇ ಜೂನಲ್ಲಿ, ಮೂರು ದಿನದಿಂದ ಬಿಡದೆ ಸುರೀತಿರೋವಾಗ ಪಕ್ಕದ ಟೇಬಲ್‌ನವ್ರು ಬಿಲ್ ಬುಕ್ಕಿಂದ ತಲೆ ಎತ್ತದೆ ಕೇಳಿದ್ರು, "ನಿಮ್ಮ ಊರಲ್ಲಿ ಶಾಲೆ ಮಕ್ಕಳಿಗೆ ಮಳೆಯನ್ನು ಫೋಟೋದಲ್ಲಿ ತೋರಿಸುವುದಂತೆ, ಹೌದಾ ಮಾರಾಯ್ರೆ?" ನಾನು ಪಾಪ ಸೀರಿಯಸ್ಸಾಗಿ, ಇಲ್ಲಾ ಸರ್, ನಮ್ ಕಡೆನೂ ಮಳಿ ಆಗತೈತ್ರಿ, ಮುಂಗಾರಿ ಬ್ಯಾರೆ ಹಿಂಗಾರಿ ಬ್ಯಾರೆ ಅಂತ ಐದು ನಿಮಿಷ ವಿವರಿಸಿದೆ, ಅವ್ರು ಪೂರ್ತಿ ಕೇಳಿ "ಓ, ಹಾಗಾ" ಅಂದು ಮತ್ತೆ ಬಿಲ್ ಬರಿಯೋಕೆ ಶುರು ಮಾಡಿದ್ರು. ಸಂಜೆ ಮನೆಗೆ ಹೋದ್ಮೇಲೆ ಹೊಳೀತು. ಇಂಥದ್ದಕ್ಕೆ ವಿವರಣೆ ಕೊಡ್ಬಾರ್ದು, ಅಷ್ಟೇ ಸೀರಿಯಸ್ಸಾಗಿ "ಹೌದು, ಫೋಟೋ ನೋಡೋಕೂ ಕೊಡೆ ಹಿಡ್ಕೊಂಡೇ ಹೋಗ್ತೀವಿ" ಅಂದ್ಬಿಡ್ಬೇಕು.

ಆಮೇಲೆ ಈ ಸಾವು. ಬಂದ ಹೊಸತ್ರಲ್ಲಿ ಒಬ್ರು ಫೋನ್ ಇಟ್ಟು "ಎಂತ ಸಾವು ಮಾರ್ರೆ" ಅಂತ ತಲೆಗೆ ಕೈ ಹಚ್ಚಿ ಕೂತ್ರು. ನಾನು ಎದ್ದು ಹತ್ರ ಹೋಗಿ ಮೆತ್ತಗೆ, "ಯಾರು ತೀರ್ಕೊಂಡ್ರು ಸರ್?" ಅಂದೆ. ತೀರ್ಕೊಂಡಿದ್ದು ನೆಟ್‌ವರ್ಕ್. ಇವ್ರಿಗೆ ಟ್ರಾಫಿಕ್ಕೂ ಸಾವೇ, ಶೆಖೆನೂ ಸಾವೇ, ಪ್ರಿಂಟರಲ್ಲಿ ಪೇಪರ್ ಸಿಕ್ಕಾಕ್ಕೊಂಡ್ರೂ ಸಾವೇ. ಈಗಲೂ ಅಂಗ್ಡಿಗೆ ಹೊಸಬರು ಸೇರಿದ್ರೆ ಮೊದಲ ದಿನ ಈ ಕಥೆ ಹೇಳ್ತಾರೆ, ನಾನು ಎದುರಿಗೇ ಕೂತಿರ್ತೀನಿ.

ಬಸ್ಸಲ್ಲಿ ಕಂಡಕ್ಟರ್ "ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್" ಅಂತ ಕೂಗಿದ್ರೆ ಅದು ಬಸ್‌ಸ್ಟ್ಯಾಂಡ್, ಪಾಸ್‌ಬುಕ್ ತಗೊಂಡು ಹತ್ಬೇಡಿ. ಬನ್ಸ್ ಅಂದ್ರೆ ಬೇಕರಿ ಬನ್ನಲ್ಲ, ಬಾಳೆಹಣ್ಣು ಹಾಕಿ ಕರಿದಿದ್ದು. ಇವೆಲ್ಲ ಎರಡು ದಿನಕ್ಕೆ ಬರತ್ತೆ.

ಇನ್ನು ಇವ್ರ ಕನ್ನಡ. "ಎಲ್ಲಿಗೆ ಹೋಗುವುದು? ಊಟ ಆಯ್ತಾ? ಚಿಲ್ಲರೆ ಉಂಟಾ?" ಅಂತ ಅಕ್ಷರ ಬಿಡದೆ ಮಾತಾಡೋದನ್ನ ಕೇಳಿ ನಮ್ಮವ್ರು ಪಾಠದ ಪುಸ್ತಕ, ಯಕ್ಷಗಾನ ಅಂತ ನಗಾಡ್ತಾರೆ. ನಗೋಕೆ ಮುಂಚೆ ಒಂದು ತಿಳ್ಕೊಳಿ, ಎಷ್ಟೋ ಜನಕ್ಕೆ ಇಲ್ಲಿ ಮನೇಲಿ ಕನ್ನಡನೇ ಇಲ್ಲ. ಮನೇಲಿ ತುಳು, ಇಲ್ಲ ಕೊಂಕಣಿ, ಇಲ್ಲ ಬ್ಯಾರಿ, ಕನ್ನಡ ಅವ್ರಿಗೆ ಸಿಕ್ಕಿದ್ದೇ ಶಾಲೇಲಿ, ಪುಸ್ತಕದಿಂದ. ಊರಿನ ಹೆಸ್ರೇ ನೋಡಿ, ತುಳುವಲ್ಲಿ ಕುಡ್ಲ, ಕೊಂಕಣಿಲಿ ಕೊಡಿಯಾಲ್, ಬ್ಯಾರಿಲಿ ಮೈಕಾಲ. ನಾವು ಒಂದೇ ಭಾಷೇನ ಅರ್ಧ ನುಂಗಿ ಮಾತಾಡೋರು, ಇವ್ರು ಮೂರ್ನಾಲ್ಕನ್ನ ಪೂರ್ತಿ ಮಾತಾಡೋರು. ಅಂದ್ರೂ ಆಡ್ಕೊಳ್ಬೇಕು ಅನ್ಸಿದ್ರೆ ಆಡ್ಕೊಳಿ, ಅವ್ರೂ ನಮ್ಮ "ರೀ" ಆಡ್ಕೋತಾರಲ್ಲ, ಲೆಕ್ಕ ಸಮ. ಕುಂದಾಪುರ ಕಡೆಯವ್ರ ಮುಂದೆ ಮಾತ್ರ ಹುಷಾರು, ಅವ್ರ ಕನ್ನಡ ಮನೆ ಕನ್ನಡನೇ, ಅದರ ಸ್ಪೀಡಿಗೆ ನಮ್ಗೆ ವಾಪಸ್ ಉತ್ತರ ಕೊಡೋಕಾಗಲ್ಲ.

ತುಳು ಸ್ವಲ್ಪ ಕಲೀರಿ. "ತುಳು ಬರ್ಪುಂಡಾ?" (ತುಳು ಬರತ್ತಾ) ಅಂದ್ರೆ "ಒಂತೆ ಒಂತೆ" (ಸ್ವಲ್ಪ ಸ್ವಲ್ಪ) ಅನ್ನಿ, ಅರ್ಧ ಬಾಗಿಲು ತೆಗೀತು. ಆದ್ರೆ ದೊಡ್ಡವ್ರಿಗೆ "ಈ" (ನೀನು) ಅಂದ್ರೆ ಏಕವಚನ, "ಈರ್" (ನೀವು) ಅನ್ಬೇಕು. ನಾನು ಓನರ್ ಅಪ್ಪನಿಗೆ, ಎಂಬತ್ತು ದಾಟಿದ ಅಜ್ಜ ಅವ್ರು, "ಈ ಓಡೆ ಪೋಪ?" (ನೀನು ಎಲ್ಲಿಗೆ ಹೋಗ್ತೀಯ) ಅಂದೆ, ಇಡೀ ಅಂಗಡಿ ಒಂದು ಕ್ಷಣ ನಿಂತ್ಹೋಯ್ತು. ಅಜ್ಜ ಮಾತ್ರ ನಿಧಾನಕ್ಕೆ, "ಮನೆಗೆ ಹೋಗ್ತಾ ಇದ್ದೇನೆ ಮಗಾ, ನೀನೂ ಬರ್ತೀಯಾ?" ಅಂದ್ರು.

ಈಗ ಯಾವ ಜೋಕ್ ನೀವು ಹೇಳ್ಬಾರ್ದು ಅನ್ನೋದು. ಇಲ್ಲಿ ಬಂಟರು ಬಂಟರ ಮದ್ವೆ ಖರ್ಚಿನ ಬಗ್ಗೆ, ಕೊಂಕಣಿಯವ್ರು ತಮ್ಮ ಲೆಕ್ಕಾಚಾರದ ಬಗ್ಗೆ, ಭಟ್ರು ಭಟ್ರ ಊಟದ ಬಗ್ಗೆ ಅವ್ರವ್ರೇ ಹೇಳ್ಕೊಂಡು ನಗ್ತಾರೆ. ನೀವು ಚಾ ಕುಡೀತಾ ಕೇಳಿ ಅಷ್ಟೇ, ಮಾರನೇ ದಿನ ಅದನ್ನೇ ಇನ್ನೊಬ್ರ ಮುಂದೆ ರಿಪೀಟ್ ಮಾಡಿದ್ರೆ ಕಥೆ ಮುಗೀತು. ದುಡ್ಡು ಎಣಿಸ್ತಾರೆ ಅನ್ನೋ ಮಾತಂತೂ ಬೇಡವೇ ಬೇಡ. 1906ರಲ್ಲಿ ಒಂದೇ ವರ್ಷ ಮಂಗ್ಳೂರಲ್ಲಿ ಕೆನರಾ ಬ್ಯಾಂಕು ಉಡುಪೀಲಿ ಕಾರ್ಪೊರೇಷನ್ ಬ್ಯಾಂಕು, ಆಮೇಲೆ 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. 1928ರಲ್ಲಿ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಕಟ್ಟಿಸ್ಕೊಳೋ ಪಿಗ್ಮಿ ಶುರು ಮಾಡಿದ ಸೀಮೆ ಇದು, ಎಣಿಸದೆ ಇನ್ನೇನು ಮಾಡ್ಬೇಕು. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತೆ ಕಾರ್ಪೊರೇಷನ್ ಬೇರೆ ಬ್ಯಾಂಕಲ್ಲಿ ವಿಲೀನ ಆಗಿದ್ದನ್ನ ಇಲ್ಲಿ ಹಿರಿಯರು ಮನೆಯವ್ರೇ ಹೋದಂಗೆ ಹೇಳ್ತಾರೆ, ಆಗ "ಎಂತ ಸಾವು" ಅಂತ ತಮಾಷೆಗೂ ಅನ್ಬೇಡಿ.

"ಘಟ್ಟದವ", ಅಂದ್ರೆ ಘಟ್ಟದ ಮೇಲಿಂದ ಬಂದವ, ಅನ್ನೋ ಪದದ ವಿಷ್ಯ ಮಾತ್ರ ಬೇರೆ. ಫ್ರೆಂಡ್ಸ್ ಅಂದ್ರೆ ಬಿಟ್ಬಿಡಿ, ಅದು ಅಡ್ಡಹೆಸ್ರು ಥರ. ಆದ್ರೆ ನಾನು ರೂಮ್ ಹುಡುಕೋವಾಗ ಒಂದು ಕಡೆ ಗೇಟಲ್ಲೇ ನಿಲ್ಸಿ, ನನ್ನ "ರೀ" ಕಿವಿಗೆ ಬಿದ್ದ ತಕ್ಷಣ, "ಘಟ್ಟದವರಿಗೆ ಕೊಡುವುದಿಲ್ಲ, ಒಬ್ಬ ಅಂತ ಹೇಳಿ ಹತ್ತು ಜನ ಇರ್ತಾರೆ" ಅಂದ್ರು, ಬಹಳ ಸಭ್ಯವಾಗಿ. ಬೆಳಿಗ್ಗೆ ರಸ್ತೆ ಬದಿ ಡಬ್ಬಿ ಹಿಡ್ಕೊಂಡು ಕೂಲಿಗೆ ಕಾಯೋ ಬಾಗಲಕೋಟಿ, ಕೊಪ್ಪಳ, ಗದಗದ ಜನ ಈ ಊರಿನ ಅರ್ಧ ಅಪಾರ್ಟ್‌ಮೆಂಟಿಗೆ ಕಾಂಕ್ರೀಟ್ ಹೊತ್ತವ್ರು, ಅವ್ರಿಗೆ ಈ ಮಾತು ದಿನಾ ಬೀಳತ್ತೆ. ಇಲ್ಲಿ ನಗಬೇಡಿ, ಜಗಳಾನೂ ಬೇಡ, "ಅಗ್ರಿಮೆಂಟಲ್ಲಿ ಒಬ್ಬನೇ ಅಂತ ಬರೀರಿ" ಅನ್ನಿ, ಒಪ್ಪದಿದ್ರೆ ಮುಂದಿನ ಗೇಟು. ನಂಗೆ ಕೊನೆಗೆ ರೂಮ್ ಕೊಡಿಸಿದ್ದು ಅದೇ ಮಳೆ ಫೋಟೋದವ್ರು, ನನ್ನ ಜೊತೆ ಬಂದು ಜಾಮೀನು ನಿಂತ್ರು.

ಯಾರಾದ್ರೂ ಜಾಸ್ತಿ "ನೀವು ಹೊರಗಿನವರು" ಅಂದ್ರೆ ನನ್ನತ್ರ ಒಂದು ಅಸ್ತ್ರ ಇದೆ, ತಗೊಳಿ. 1956ರ ನವೆಂಬರ್ 1ಕ್ಕೆ ಮುಂಚೆ ಇವ್ರು ಮದ್ರಾಸ್ ರಾಜ್ಯ, ನಾವು ಬಾಂಬೆ, ಇಬ್ರೂ ಒಂದೇ ದಿನ ಮೈಸೂರಿಗೆ ಸೇರಿದ ಹೊಸಬರೇ. ಉಡುಪಿಯವ್ರಾದ್ರೆ ಇನ್ನೂ ಸುಲಭ, ಉಡುಪಿ ಜಿಲ್ಲೆ, ಗದಗ ಜಿಲ್ಲೆ ಎರಡೂ ಆಗಿದ್ದು 1997ರಲ್ಲೇ, ಒಂದೇ ಕ್ಲಾಸಿನ ಹುಡುಗ್ರು.

ಕೊನೇದು, ಪಾರ್ಟಿ, ಪಿಕ್ನಿಕ್, ಮದ್ವೆ ಎಲ್ಲೇ ಹೋದ್ರೂ ಯಾರೋ ಒಬ್ರು "ಒಮ್ಮೆ ನಿಮ್ಮ ಕನ್ನಡ ಮಾತಾಡಿ ಮಾರಾಯ್ರೆ, ಕೇಳ್ಲಿಕ್ಕೆ ಲಾಯ್ಕ್ ಆಗ್ತದೆ" ಅಂತ ಎಬ್ಬಿಸ್ತಾರೆ. ಎರಡು ಸಲ ಫ್ರೀಯಾಗಿ ಮಾತಾಡಿ. ಮೂರನೇ ಸಲದಿಂದ ಒಂದು ಪ್ಲೇಟ್ ಗೋಳಿಬಜೆ ಮೊದ್ಲು ಟೇಬಲ್ಲಿಗೆ ಬರ್ಲಿ, ಚಟ್ನಿ ಸಮೇತ, ಆಮೇಲೆ "ಏನ್ರೀಪಾ".